ಲೇಸರ್ ಆದ ಮೇಲೂ ಬಿಡದ ಕಣ್ಣುನೋವು, ಬೆಳಕು ಚುಚ್ಚುವುದು: ನಮ್ಮ ಮಲೆನಾಡಿನಲ್ಲಿ ಸಂಭಾಳಿಸುವುದು ಹೇಗೆ?

ಬೆಳಕಿಂಡಿ

ಲ್ಯಾಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್ ಆಪರೇಷನ್) ಆಗಿ ವರ್ಷ ದಾಟಿದರೂ ಕಣ್ಣುರಿ, ಸೂಜಿ ಆಡಿಸಿದ ಹಾಗೆ ನೋವು, ಅಂಗಳಕ್ಕೆ ಕಾಲಿಟ್ಟರೆ ಬೆಳಕು ಚುಚ್ಚುವುದು ಹೋಗದೇ ಉಳಿದವರಿಗಾಗಿ ಈ ಚರ್ಚೆ. ದೃಷ್ಟಿ 6/6, ನಂಬರ್ ಸೊನ್ನೆ. ತೋರಿಸಲು ಹೋದಲ್ಲೆಲ್ಲ "ಕಣ್ಣು ಕ್ಲೀನಾಗಿದೆ, ಡ್ರಾಪ್ಸ್ ಬಿಡ್ತಾ ಇರಿ" ಎನ್ನುವ ಮಾತೇ ಸಿಗುತ್ತದೆ. ಕೊನೆಗೆ ಮನೆಯವರಿಗೂ ಅನುಮಾನ ಶುರು, ಇದು ನಿಜವಾದ ನೋವೋ ಬರೀ ಭ್ರಮೆಯೋ ಅಂತ.

ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ. ಕಣ್ಣು ಕ್ಲೀನಾಗಿದ್ದರೂ ನೋವು ಯಾಕೆ? ಯಾವ ಪರೀಕ್ಷೆ ಕೇಳಿ ಮಾಡಿಸಬೇಕು? ನಮ್ಮ ಕಡೆಯ ಮಳೆ, ಒಲೆಯ ಹೊಗೆ, ತೋಟದ ಕೆಲಸ, ಹೋಗಿ ಬರುವ ಕರೆಂಟಿನ ನಡುವೆ ದಿನ ತಳ್ಳುವುದು ಹೇಗೆ? "ನೀರು ಜಾಸ್ತಿ ಕುಡಿಯಿರಿ, ಮೊಬೈಲ್ ಕಮ್ಮಿ ಮಾಡಿ" ಎನ್ನುವುದು ಎಲ್ಲರಿಗೂ ಗೊತ್ತು, ಅದರಾಚೆಯದು ಬೇಕು.

ಕಣ್ಣಳತೆ (ಆಪ್ಟೋಮೆಟ್ರಿ, ಶಿವಮೊಗ್ಗ)

ಇಷ್ಟನ್ನು ಮೊದಲು ಮನೆಯವರಿಗೆ ಓದಿ ಹೇಳಿ. ಸ್ಲಿಟ್ ಲ್ಯಾಂಪಿನಲ್ಲಿ (ಗಲ್ಲ ಇಟ್ಟು ಕೂರಿಸಿ ಕಣ್ಣು ನೋಡುವ ಸೂಕ್ಷ್ಮದರ್ಶಕ) ಡಾಕ್ಟರಿಗೆ ಕಾಣುವುದು ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರದ ಮೇಲ್ಮೈ, ಅದರ ಗಾಯ, ಕಲೆ, ಕಣ್ಣೀರಿನ ಪದರ. ನೋವು ಹುಟ್ಟಿಸುವ ಕೂದಲಿಗಿಂತ ಸಣ್ಣ ನರದ ಎಳೆಗಳು ಅದರಲ್ಲಿ ಕಾಣುವುದಿಲ್ಲ. "ಕ್ಲೀನಾಗಿದೆ" ಎಂದರೆ ಮೇಲ್ಮೈ ಕ್ಲೀನಾಗಿದೆ ಎಂದಷ್ಟೇ ಅರ್ಥ. ನೋವಿಲ್ಲ ಎಂದಲ್ಲ.

ಕಾರ್ನಿಯಾ ಸುಮಾರು 540 ಮೈಕ್ರಾನ್ ದಪ್ಪ, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಲ್ಯಾಸಿಕ್‌ನಲ್ಲಿ 100ರಿಂದ 120 ಮೈಕ್ರಾನ್ ದಪ್ಪದ ಒಂದು ಪದರವನ್ನು, ಒಂದು ಬದಿ ಮಾತ್ರ ಬಿಟ್ಟು ಸುತ್ತಲೂ ಕೊಯ್ದು, ಡಬ್ಬಿಯ ಮುಚ್ಚಳದ ಹಾಗೆ ಎತ್ತುತ್ತಾರೆ. ಇದು ಫ್ಲ್ಯಾಪ್. ಅಡಿಯ ಭಾಗವನ್ನು 193 ನ್ಯಾನೋಮೀಟರ್ ಅಲೆಯ ಎಕ್ಸೈಮರ್ ಲೇಸರಿನಿಂದ ಸವೆಸಿ ಮತ್ತೆ ಮುಚ್ಚುತ್ತಾರೆ. ಕಾರ್ನಿಯಾದ ನರಗಳು ಅಂಚಿನಿಂದ ನಡುವಿಗೆ ಬರುವಂಥವು. ಸುತ್ತ ಕೊಯ್ದಾಗ ಅವೂ ತುಂಡಾಗುತ್ತವೆ. ಸ್ಮೈಲ್ ಎಂಬ ಇನ್ನೊಂದು ಲೇಸರ್ ವಿಧಾನದಲ್ಲಿ ಕೊಯ್ಯುವ ಬಾಯಿ 2ರಿಂದ 4 ಮಿಲಿಮೀಟರ್ ಮಾತ್ರ, ಆದ್ದರಿಂದ ನರಕ್ಕೆ ಪೆಟ್ಟು ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಪಿಆರ್‌ಕೆ ಎಂಬ ಮತ್ತೊಂದು ಲೇಸರ್ ವಿಧಾನದಲ್ಲಿ ಫ್ಲ್ಯಾಪ್ ಇಲ್ಲ, ಆದರೆ ಮೇಲಿನ ಚರ್ಮ ಕೆರೆದು ತೆಗೆಯುವುದರಿಂದ ನರದ ತುದಿಗಳು ಅಲ್ಲೂ ಹೋಗುತ್ತವೆ. ಮತ್ತೆ ಮೊದಲಿನಷ್ಟು ದಟ್ಟವಾಗಿ ಬೆಳೆಯಲು ಪಿಆರ್‌ಕೆ ಆದವರಿಗೆ ಸುಮಾರು 2 ವರ್ಷ, ಲ್ಯಾಸಿಕ್ ಆದವರಿಗೆ ಸುಮಾರು 5 ವರ್ಷ ಹಿಡಿಯುತ್ತದೆ.

ನರ ತುಂಡಾದಾಗ ಎರಡು ಸಂಗತಿ ಆಗುತ್ತವೆ. ಒಂದು, ಕಣ್ಣು ಒಣಗಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ, ಕಣ್ಣೀರು ಕಮ್ಮಿ, ರೆಪ್ಪೆ ಬಡಿಯುವುದೂ ಕಮ್ಮಿ. ಇದು ಡ್ರೈ ಐ, ಹೆಚ್ಚಿನವರಿಗೆ 6ರಿಂದ 12 ತಿಂಗಳಲ್ಲಿ ತಹಬಂದಿಗೆ ಬರುತ್ತದೆ. ಎರಡನೆಯದು ಕೆಲವರಿಗೆ ಮಾತ್ರ. ಸವರಿದ ಬೇಲಿ ಅಡ್ಡಾದಿಡ್ಡಿ ಚಿಗುರುವ ಹಾಗೆ ನರದ ತುದಿ ಗಂಟುಗಂಟಾಗಿ ಬೆಳೆದು, ಯಾರೂ ಮುಟ್ಟದಿದ್ದರೂ ತಾನೇ ನೋವಿನ ಸುದ್ದಿ ಕಳಿಸುತ್ತದೆ. ಫ್ಯಾನಿನ ಗಾಳಿ ಸೋಕಿದರೂ ಉರಿ. ಇದಕ್ಕೆ ನ್ಯೂರೋಪಥಿಕ್ ಕಾರ್ನಿಯಲ್ ಪೇನ್ ಎನ್ನುತ್ತಾರೆ. ಕಾರ್ನಿಯಾದ ನರ ಸೇರುವುದು ಟ್ರೈಜೆಮಿನಲ್ ನರಕ್ಕೆ. ಹಣೆಗೂ ಮೆದುಳಿನ ಪೊರೆಗೂ ಅದೇ ನರ. ಆದ್ದರಿಂದಲೇ ನೋವು ಹುಬ್ಬಿಗೆ, ಕಪಾಲಕ್ಕೆ ಏರುವುದು, ಮೈಗ್ರೇನಿನ ಹಾಗೆ ಬೆಳಕೇ ನೋವಾಗುವುದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಒಣಗಣ್ಣಿನ ಲಕ್ಷಣವೇ ಇರದಿದ್ದವರಲ್ಲಿ ಶೇ. 28ರವರೆಗೆ ಜನ ಲ್ಯಾಸಿಕ್ ಆಗಿ 3 ತಿಂಗಳಿಗೆ ಆ ಲಕ್ಷಣ ಹೇಳಿದ್ದರು. ಹಾಗಾಗಿ ಇದು ಯಾರೋ ಒಬ್ಬರ ಕಲ್ಪನೆ ಎನ್ನುವ ಮಾತಿಗೆ ಅರ್ಥವಿಲ್ಲ.

ಈಗ ಪರೀಕ್ಷೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಪ್ರೊಪಾರಕೇನ್ ಡ್ರಾಪ್ ಪರೀಕ್ಷೆ. ಇದು ಕಣ್ಣು ಮರಗಟ್ಟಿಸುವ 0.5% ಹನಿ, ಕಣ್ಣಿನ ಒತ್ತಡ ಅಳೆಯಲು ಎಲ್ಲ ಕ್ಲಿನಿಕ್‌ನಲ್ಲೂ ಇಟ್ಟಿರುತ್ತಾರೆ, ಬೇರೆ ಯಂತ್ರ ಬೇಡ. ಹನಿ ಹಾಕುವ ಮೊದಲು ನೋವಿಗೆ 0ಯಿಂದ 10ರ ಒಳಗೆ ಒಂದು ಅಂಕ ಹೇಳಿ, ಬರೆಸಿ. ಒಂದು ಹನಿ. ಅರ್ಧ ನಿಮಿಷಕ್ಕೆ ಮರಗಟ್ಟುತ್ತದೆ. ಎರಡು ನಿಮಿಷ ಬಿಟ್ಟು ಅದೇ ಬೆಳಕಿನಲ್ಲಿ, ಅದೇ ಕುರ್ಚಿಯಲ್ಲಿ ಮತ್ತೆ ಅಂಕ ಹೇಳಿ. 8 ಇದ್ದದ್ದು 0ಗೋ 1ಕ್ಕೋ ಬಂದರೆ ನೋವಿನ ಮೂಲ ಕಣ್ಣಿನ ಮೇಲ್ಮೈಯಲ್ಲಿದೆ. 8 ಇದ್ದದ್ದು 8ರಲ್ಲೇ ನಿಂತರೆ ಮೂಲ ಒಳಗೆ, ಮೆದುಳಿನ ಕಡೆಗೆ ಸರಿದಿದೆ, ಎಷ್ಟು ಡ್ರಾಪ್ಸ್ ಬಿಟ್ಟರೂ ಅದು ಹೋಗದು. 8ರಿಂದ 4ಕ್ಕೆ ಇಳಿದರೆ ಎರಡೂ ಬೆರೆತಿದೆ. ಮುಂದಿನ ಖರ್ಚೆಲ್ಲ ಈ ಎರಡು ನಿಮಿಷದ ಮೇಲೆ ನಿಂತಿದೆ, ಆದರೂ ಇದನ್ನು ಮಾಡಿ ಬರೆದಿಡುವವರು ಕಡಿಮೆ. ಕೇಳಿ ಮಾಡಿಸಿ.

ಆ ಹನಿ ಹಾಕಿದಾಗ ಹಾಯೆನಿಸುತ್ತದೆ ಎಂದು ಬಾಟಲಿ ಮನೆಗೆ ತರುವ ಯೋಚನೆ ಮಾತ್ರ ಬೇಡವೇ ಬೇಡ. ದಿನಾ ಹಾಕಿದರೆ ಕಾರ್ನಿಯಾ ಕರಗಿ ತೂತು ಬೀಳುವವರೆಗೂ ಹೋಗುತ್ತದೆ.

ಕೀಬೋರ್ಡ್_ಸಾಗರ

@ಕಣ್ಣಳತೆ ಚೆನ್ನಾಗಿ ಬಿಡಿಸಿ ಹೇಳಿದಿರಿ ಸರ್. ಆದರೆ ನರ ಅಂತ ತೀರ್ಮಾನ ಮಾಡೋ ಮೊದಲು ಬೇರೆ ಎಂತದ್ದು ಇಲ್ಲ ಅಂತ ಹ್ಯಾಂಗೆ ಗೊತ್ತಾಗೋದು?

ಕಣ್ಣಳತೆ

ಒಳ್ಳೆಯ ಪ್ರಶ್ನೆ. ನೋವು ಯಾವ ಹೊತ್ತಿಗೆ ಬರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಬೆಳಿಗ್ಗೆ ಕಣ್ಣು ಬಿಡುವ ಕ್ಷಣಕ್ಕೆ ಬ್ಲೇಡಿನಲ್ಲಿ ಗೀರಿದ ಹಾಗೆ ನೋವಾಗಿ, ಗಂಟೆ ಕಳೆಯುವುದರಲ್ಲಿ ಇಳಿದರೆ ಮೇಲ್ಪದರ ರೆಪ್ಪೆಗೆ ಅಂಟಿ ಕಿತ್ತು ಬರುತ್ತಿರಬಹುದು. ಇದು ಪದೇ ಪದೇ ಆಗುವ ಎರೋಷನ್. ಇದಕ್ಕೆ ರಾತ್ರಿ ಜೆಲ್ ಅಥವಾ ಮುಲಾಮು, 5% ಉಪ್ಪಿನ ಡ್ರಾಪ್ಸ್ ಹೀಗೆ ಬೇರೆಯೇ ಚಿಕಿತ್ಸೆ. ಬೆಳಿಗ್ಗೆ ಎದ್ದಾಗ ಕೆಳಭಾಗದಲ್ಲಿ ಉರಿ ಇದ್ದರೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲವೇ ನೋಡಿ. ನಿದ್ದೆ ಹತ್ತಿದ ಮೇಲೆ ಮನೆಯವರು ಮಂದ ಟಾರ್ಚನ್ನು ಕೆಳಗಿನಿಂದ ಹಿಡಿದರೆ ರೆಪ್ಪೆಯ ನಡುವೆ ಬಿಳಿ ಗೆರೆ ಕಾಣುತ್ತದೆ. ಓದಲು ಕೂತ ಅರ್ಧ ಗಂಟೆಗೆ ಕಣ್ಣಿನ ಹಿಂದೆ ಜಗ್ಗಿದ ಹಾಗಾದರೆ ಉಳಿದ ನಂಬರ್ ಮತ್ತು ಎರಡು ಕಣ್ಣಿನ ಹೊಂದಾಣಿಕೆ ತಪಾಸಿಸಬೇಕು. ಲೇಸರಿನಲ್ಲಿ ಸ್ವಲ್ಪ ಹೆಚ್ಚು ತೆಗೆದು ಪ್ಲಸ್ ನಂಬರ್ ಆಗಿದ್ದರೆ ಕಿರಿಯರಿಗೆ ಚಾರ್ಟ್ 6/6 ಬಂದರೂ ಕಣ್ಣು ದಣಿಯುತ್ತದೆ. ಹನಿ ಹಾಕಿ ಪಾಪೆ ಅಗಲಿಸಿ ಮಾಡುವ ಪರೀಕ್ಷೆಯಲ್ಲೇ ಅದು ಬಯಲಾಗುವುದು.

ಕಣ್ಣೀರಿಗೆ ಷರ್ಮರ್ ಪಟ್ಟಿ: ಕೆಳರೆಪ್ಪೆಯೊಳಗೆ 5 ನಿಮಿಷ ಇಟ್ಟು ಎಷ್ಟು ಒದ್ದೆಯಾಯಿತು ಎಂದು ಅಳೆಯುತ್ತಾರೆ. 10 ಮಿಲಿಮೀಟರಿಗಿಂತ ಕಡಿಮೆಯಾದರೆ ಅನುಮಾನ, 5ರ ಒಳಗಾದರೆ ಗಟ್ಟಿ ಒಣಗಣ್ಣು. ಹಳದಿ ಬಣ್ಣ ಹಾಕಿ ರೆಪ್ಪೆ ಬಡಿಯದೆ ಕೂತಾಗ ಕಣ್ಣೀರಿನ ಪದರ 10 ಸೆಕೆಂಡಿನ ಮೊದಲೇ ಒಡೆದರೆ ಎಣ್ಣೆ ಅಂಶ ಕಮ್ಮಿಯಾಗಿ, ರೆಪ್ಪೆಯ ಗ್ರಂಥಿ ಕಟ್ಟಿಕೊಂಡಿರಬಹುದು. ಇವೆರಡೂ ಸರಿ ಇದ್ದು, ಕಲೆ ಇಲ್ಲದೆ, ನೋವು ಮಾತ್ರ 8 ಇದ್ದರೆ ಆಗ ನರದ ಕಡೆ ಬೆರಳು ತೋರಿಸಬಹುದು. ನರದ ಗಂಟನ್ನು ನೇರ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ದೊಡ್ಡ ಕಾರ್ನಿಯಾ ಕೇಂದ್ರಗಳಲ್ಲಷ್ಟೇ ಇರುತ್ತದೆ. ಅದಿಲ್ಲದೆಯೂ ಚಿಕಿತ್ಸೆ ಶುರು ಮಾಡಬಹುದು, ಅದಕ್ಕಾಗಿ ಕಾಯಬೇಡಿ.

ಇನ್ನೊಂದು. ಫೆಮ್ಟೋ ಲೇಸರಿನಲ್ಲಿ ಫ್ಲ್ಯಾಪ್ ಮಾಡಿಸಿಕೊಂಡು 2ರಿಂದ 6 ವಾರಕ್ಕೆ, ದೃಷ್ಟಿ ಚೆನ್ನಾಗಿದ್ದೂ ಇದ್ದಕ್ಕಿದ್ದಂತೆ ಬೆಳಕು ಸಹಿಸದ ಹಾಗಾಗುವುದು ಬೇರೆಯೇ ತೊಂದರೆ. ಅದು ಸ್ಟೀರಾಯ್ಡ್ ಡ್ರಾಪ್ಸಿಗೆ ಕೆಲವು ವಾರದಲ್ಲಿ ಬಗ್ಗುತ್ತದೆ. ಹೊಸದಾಗಿ ಆಪರೇಷನ್ ಆದವರು ಅದನ್ನೂ ಇದನ್ನೂ ಒಂದೇ ಎಂದು ತಿಳಿದು ಸುಮ್ಮನೆ ಕೂರಬಾರದು.

ಔಷಧಿ_ಕೌಂಟರ್

ಡ್ರಾಪ್ಸ್ ವಿಷಯ ನಾನು ಹೇಳುತ್ತೇನೆ, ಕೌಂಟರಿನಲ್ಲಿ ಜನ ತಪ್ಪುವುದು ಇಲ್ಲೇ.

ಬಾಟಲಿಯ ಲೇಬಲ್ ತಿರುಗಿಸಿ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ) ಏನೆಂದು ಓದಿ. ಬೆಂಜಲ್ಕೋನಿಯಂ ಕ್ಲೋರೈಡ್ ಎಂದಿದ್ದರೆ, ಅದು ಕಾರ್ನಿಯಾದ ಮೇಲ್ಪದರಕ್ಕೂ ನರಕ್ಕೂ ಕೆಡುಕು. ದಿನಕ್ಕೆ ಒಂದೆರಡು ಸಲವಾದರೆ ಆರೋಗ್ಯವಂತ ಕಣ್ಣು ತಡೆದುಕೊಳ್ಳುತ್ತದೆ, ನೋಯುವ ಕಣ್ಣು ತಡೆಯುವುದಿಲ್ಲ. ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬಿಡುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಡ್ರಾಪ್ಸ್ ಬಿಟ್ಟಷ್ಟೂ ಉರಿ ಹೆಚ್ಚಾಗುತ್ತಿದೆ ಎನ್ನುವವರಲ್ಲಿ ತಪ್ಪಿತಸ್ಥ ಎಷ್ಟೋ ಸಲ ಬಾಟಲಿಯೇ.

ಹಗಲಿಗೆ 0.5% ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ 0.1ರಿಂದ 0.2% ಸೋಡಿಯಂ ಹಯಲುರೊನೇಟ್. ರಾತ್ರಿ ಮಲಗುವ ಮುಂಚೆ ಜೆಲ್, ಅದು ದೃಷ್ಟಿ ಮಂಜು ಮಾಡುತ್ತದೆ, ಹಗಲಿಗೆ ಆಗದು. ಬಿಡುವ ಕ್ರಮ: ಕೈ ತೊಳೆದು, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆ ಎಳೆದು ಜೋಳಿಗೆಯ ಹಾಗೆ ಮಾಡಿ ಅದರೊಳಗೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗೂದಲಿಗೆ ತಾಗಬಾರದು. ಒಂದು ಹನಿಯೇ ಕಣ್ಣು ಹಿಡಿಯುವುದಕ್ಕಿಂತ ಹೆಚ್ಚು, ಎರಡನೆಯದು ಕೆನ್ನೆಗೆ ಹೋಗುತ್ತದೆ. ಒತ್ತಿ ಮುಚ್ಚದೆ ಮೆಲ್ಲಗೆ ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬೇರೆ ಔಷಧಿ ಇದ್ದರೆ ನಡುವೆ 5 ನಿಮಿಷ ಬಿಡಿ, ಜೆಲ್ ಎಲ್ಲಕ್ಕಿಂತ ಕೊನೆಗೆ. ತೆರೆದ ಬಾಟಲಿಯ ಮೇಲೆ ತಾರೀಕು ಬರೆದು ತಿಂಗಳಿಗೆ ಬಿಸಾಡಿ.

ಉರಿಯೂತಕ್ಕೆ ಡಾಕ್ಟರ್ 0.05% ಸೈಕ್ಲೋಸ್ಪೊರಿನ್ ಬರೆದುಕೊಟ್ಟರೆ ದಿನಕ್ಕೆ ಎರಡು ಸಲ, ಪರಿಣಾಮ ತಿಳಿಯಲು 3ರಿಂದ 6 ತಿಂಗಳು ಬೇಕು. ಮೊದಲ ವಾರಗಳಲ್ಲಿ ಹಾಕಿದ ಕೂಡಲೇ ಉರಿಯುತ್ತದೆ, ಅಲ್ಲಿಗೇ ಬಿಟ್ಟುಬಿಡುವವರೇ ಹೆಚ್ಚು. ಐದು ನಿಮಿಷ ಮೊದಲು ಒಂದು ಹನಿ ಕೃತಕ ಕಣ್ಣೀರು ಹಾಕಿದರೆ ತಡೆಯಬಹುದು.

ಸ್ಟೀರಾಯ್ಡ್ ಇರುವ ಡ್ರಾಪ್ಸನ್ನು ಚೀಟಿ ಇಲ್ಲದೆ ಕೇಳಬೇಡಿ, ಕೊಟ್ಟರೂ ತಗೋಬೇಡಿ. ಲೇಸರ್ ಆದವರಿಗೆ ಒಂದು ವಿಶೇಷ ಅಪಾಯ ಇದೆ: ಕಾರ್ನಿಯಾ ತೆಳುವಾಗಿರುವುದರಿಂದ ಒತ್ತಡ ಅಳೆಯುವ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸ್ಟೀರಾಯ್ಡಿನಿಂದ ಒತ್ತಡ ಏರಿದ್ದರೂ "ನಾರ್ಮಲ್" ಎಂದು ಬರಬಹುದು. ಒತ್ತಡ ನೋಡುವವರಿಗೆ ಲ್ಯಾಸಿಕ್ ಆಗಿದೆ ಎಂದು ಪ್ರತಿ ಸಲ ಹೇಳಿ. ಕೆಂಪು ಹೋಗಿಸುವ ನ್ಯಾಫಜೋಲಿನ್ ಡ್ರಾಪ್ಸ್ ಬೇಡ, ಬಿಟ್ಟ ಮೇಲೆ ಇನ್ನಷ್ಟು ಕೆಂಪಾಗುತ್ತದೆ. ಶೀತಕ್ಕೆ, ಅಲರ್ಜಿಗೆ ನುಂಗುವ ಸಿಟ್ರಿಜಿನ್‌ನಂಥ ಮಾತ್ರೆ ಕಣ್ಣನ್ನೂ ಒಣಗಿಸುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕೂಡ.

ಹೊಸನಗರ_ಅಜ್ಜಿಮನೆ

ನಂದಿಬಟ್ಟಲು ಹೂವಿನ ನೀರು ಕಣ್ಣಿಗೆ ತಂಪು ಅಂತಾರಲ್ಲ? ಹರಳೆಣ್ಣೆ, ಜೇನುತುಪ್ಪ, ಎಳನೀರು ಬಿಡೋದೂ ಇದೆ. ಇವೆಲ್ಲ ಮಾಡಬಹುದಾ?

ಔಷಧಿ_ಕೌಂಟರ್

ಅಕ್ಕಾ, ನಂದಿಬಟ್ಟಲು ಹೂವನ್ನು ತೊಳೆದು ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಟ್ಟುಕೊಂಡರೆ ತಂಪಿನ ಹಿತ ಸಿಗುತ್ತದೆ, ಅದಕ್ಕೆ ಅಡ್ಡಿ ಇಲ್ಲ. ಕಣ್ಣಿನ ಒಳಗೆ ಮಾತ್ರ ಯಾವುದೂ ಬೇಡ, ಹೂವಿನ ನೀರೂ ಇಲ್ಲ, ಜೇನೂ ಇಲ್ಲ, ಎಳನೀರೂ ಇಲ್ಲ. ಇವು ಸ್ಟೆರೈಲ್ ಅಲ್ಲ. ಗಿಡಮರದಿಂದ ಬರುವ ಶಿಲೀಂಧ್ರ ಕಾರ್ನಿಯಾಕ್ಕೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ನರದ ಅರಿವು ಕಡಿಮೆಯಾದ ಕಣ್ಣಿಗೆ ಸೋಂಕಿನ ನೋವು ತಡವಾಗಿ ತಿಳಿಯಬಹುದು, ಅದು ಇನ್ನೂ ಅಪಾಯ.

ತೋಟದ_ದಾರಿ

ಕೃಷಿ ಕೆಲಸದವರಿಗೆ ಬೇಕಾದ್ದು ಬರೆಯುತ್ತೇನೆ.

ಫ್ಲ್ಯಾಪ್ ಅಂಚಿನಲ್ಲಿ ಕೂಡಿಕೊಂಡರೂ ಒಳಗೆ ಮೊದಲಿನ ಗಟ್ಟಿತನಕ್ಕೆ ಬರುವುದಿಲ್ಲ. ವರ್ಷಗಳ ನಂತರವೂ ಬಲವಾಗಿ ಪೆಟ್ಟು ಬಿದ್ದು ಜರುಗಿದ್ದುಂಟು. ಹಾಗಾಗಿ ಸೋಗೆ ಎಳೆಯುವಾಗ, ಕೊನೆ ಇಳಿಸುವಾಗ, ಕಟ್ಟಿಗೆ ಸೀಳುವಾಗ, ಕಳೆ ಕೊಚ್ಚುವ ಯಂತ್ರ ಹಿಡಿದಾಗ ಪಕ್ಕವೂ ಮುಚ್ಚುವ ಪಾಲಿಕಾರ್ಬೊನೇಟ್ ಗಾಗಲ್ ಕಡ್ಡಾಯ. ಸಾದಾ ಕೂಲಿಂಗ್ ಗ್ಲಾಸಿನ ಬದಿಯಿಂದ ಅಡಿಕೆ ಸೋಗೆಯ ತುದಿ ನೇರ ಒಳಗೆ ಬರುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಎಲ್ಲಕ್ಕಿಂತ ಸೂಕ್ಷ್ಮ. 1% ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮರದ ತುದಿಗೆ ಹೊಡೆದದ್ದು ಹನಿಯಾಗಿ ಕೆಳಗೆ ಗನ್ ಹಿಡಿದವರ ಮುಖಕ್ಕೇ ಬೀಳುತ್ತದೆ. ಸುಣ್ಣ ಅರಳಿಸುವಾಗ ಸಿಡಿಯುವುದು ಇನ್ನೂ ಕೆಟ್ಟದ್ದು. ಕಣ್ಣಿಗೆ ಬಿದ್ದರೆ ಮನೆ ಕಡೆ ಓಡಬೇಡಿ, ಅಲ್ಲೇ ಇರುವ ಶುದ್ಧ ನೀರಿನಲ್ಲಿ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ಸುರಿಯಿರಿ. ಮೇಲಿನ ರೆಪ್ಪೆ ಎತ್ತಿ ಅಡಿಯಲ್ಲಿ ಸುಣ್ಣದ ಕಣ ಕೂತಿದೆಯಾ ನೋಡಿಸಿ, ಒದ್ದೆ ಹತ್ತಿಬಟ್ಟೆಯ ತುದಿಯಿಂದ ತೆಗೆಸಿ, ಆಮೇಲೆ ಆಸ್ಪತ್ರೆಗೆ. ಸುಣ್ಣ ಒಳಗೊಳಗೇ ಸುಡುತ್ತಾ ಹೋಗುವಂಥದ್ದು, ನೋವು ಇಳಿದರೂ ತೋರಿಸಲೇಬೇಕು. ಸ್ಪ್ರೇ ಮಾಡುವ ಜಾಗಕ್ಕೆ ಎರಡು ಕೊಡಪಾನ ಒಳ್ಳೆ ನೀರು ಮೊದಲೇ ಒಯ್ದಿಟ್ಟುಕೊಳ್ಳಿ.

ಹೊಗೆ: ಅಡಿಕೆ ಬೇಯಿಸುವ ಒಲೆ, ಬಚ್ಚಲ ಹಂಡೆಯ ಒಲೆ. ಮಳೆಗಾಲದ ಹಸಿ ಕಟ್ಟಿಗೆಯೇ ಹೊಗೆಯ ಮೂಲ. ನೋವಿನ ಕಣ್ಣಿನವರು ಒಲೆ ಹಚ್ಚುವ ಕೆಲಸ ಬೇರೆಯವರಿಗೆ ಬಿಟ್ಟು, ಬೆಂಕಿ ಹತ್ತಿ ಹೊಗೆ ಇಳಿದ ಮೇಲೆ ಹೋಗಿ. ಅನಿವಾರ್ಯವಾದರೆ ಈಜುವವರ ಗಾಗಲ್ ಹಾಕಿ, ಗಾಳಿಯೂ ಹೊಗೆಯೂ ಒಳಬಾರದು, ಒಳಗಿನ ತೇವ ಆರದು. ಕಣ್ಣಿನ ಸುತ್ತ ಒತ್ತುವ ಬಿಗಿ ಮಾದರಿ ಬೇಡ, ಮೂಳೆಯ ಮೇಲೆ ಕೂರುವ ಅಗಲದ್ದು ಆಗಲಿ.

ಕೀಬೋರ್ಡ್_ಸಾಗರ

ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರಿಗೆ ನನ್ನ ಪಾಲು.

ಮಾನಿಟರ್ ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರಲಿ. ನೋಟ ಕೆಳಗಾದಷ್ಟೂ ರೆಪ್ಪೆ ಅರ್ಧ ಇಳಿಯುತ್ತದೆ, ಆರುವ ಜಾಗ ಕಮ್ಮಿ. ಬ್ರೈಟ್‌ನೆಸ್ ಎಷ್ಟೆಂದರೆ, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು ನೋಡಿದಾಗ ಪರದೆ ದೀಪದ ಹಾಗೆ ಹೊಳೆಯಬಾರದು, ಬೂದಿಯ ಹಾಗೆ ಮಂಕಾಗಲೂಬಾರದು, ಹಾಳೆಯ ಹಾಗೇ ಕಾಣಬೇಕು. ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಎಲ್ಲರಿಗೂ ಹಿತವಲ್ಲ. ಲೇಸರ್ ಆದವರಿಗೆ ಅಕ್ಷರದ ಸುತ್ತ ಬಾಲ, ಮಬ್ಬು ಹರಡಿದ ಹಾಗೆ ಕಾಣುವುದುಂಟು. ತಿಳಿ ಬೂದು ಹಿನ್ನೆಲೆ, ಕಡು ಬೂದು ಅಕ್ಷರ ಮಾಡಿ ನೋಡಿ.

ಮಿನುಗು ಅಂದರೆ ಫ್ಲಿಕರ್ ಬಗ್ಗೆ ಯಾರೂ ಹೇಳೋದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಹೊತ್ತಿ ಆರುತ್ತದೆ. ಕಣ್ಣಿಗೆ ಕಾಣದು, ನೋವಿರುವ ಕಣ್ಣು ಮಾತ್ರ ತಡೆಯದು. ಬಲ್ಬಿನ ಎದುರು ಪೆನ್ಸಿಲನ್ನು ಬೇಗ ಬೇಗ ಆಡಿಸಿ. ಬೀಸಣಿಗೆಯ ಹಾಗೆ ಬಿಡಿ ಬಿಡಿ ಪೆನ್ಸಿಲ್ ಕಂಡರೆ ಮಿನುಗುತ್ತಿದೆ, ಒಂದೇ ಮಸುಕಾಗಿ ಕಂಡರೆ ಒಳ್ಳೆ ಬಲ್ಬು. ಅಂಗಡಿಯಲ್ಲೇ ಹೊತ್ತಿಸಿ ನೋಡಿ ತಗೊಳ್ಳಿ. ಮಳೆಗಾಲದಲ್ಲಿ ವೋಲ್ಟೇಜ್ ಕುಣಿಯುವಾಗ, ಇನ್ವರ್ಟರಿನಲ್ಲಿ ಉರಿಯುವಾಗ ಮತ್ತೊಮ್ಮೆ ನೋಡಿ. ಓಎಲ್‌ಇಡಿ ಮೊಬೈಲ್‌ಗಳಲ್ಲಿ ಎಷ್ಟೋ ಮಾದರಿ ಬ್ರೈಟ್‌ನೆಸ್ ತೀರಾ ಇಳಿಸಿದಾಗಲೇ ಹೆಚ್ಚು ಮಿನುಗುವುದು. ಅದಕ್ಕೆ ಬ್ರೈಟ್‌ನೆಸ್ ಅರ್ಧದ ಮೇಲಿಟ್ಟು, ಮಂಕು ಮಾಡುವ ಆ್ಯಪ್‌ನಿಂದ ಇಳಿಸಿ.

ರೆಪ್ಪೆ ಬಡಿಯುವುದು: 20 ನಿಮಿಷಕ್ಕೊಮ್ಮೆ 20 ಅಡಿ ಆಚೆ 20 ಸೆಕೆಂಡ್ ನೋಡುವುದು ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ ಹತ್ತು ಸಲ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಹಿಡಿದು ಬಿಡಿ. ಪರದೆ ಮುಂದೆ ನಾವು ಬಡಿಯುವುದೆಲ್ಲ ಅರ್ಧ ರೆಪ್ಪೆ.

ನೋವಿನ_ಓಪಿಡಿ

ಪ್ರೊಪಾರಕೇನ್ ಹನಿಗೆ ಬಗ್ಗದ ನೋವಿನ ಬಗ್ಗೆ. ಅದಕ್ಕೆ ಪ್ಯಾರಸಿಟಮಾಲ್, ಬ್ರೂಫೆನ್ ಮಾತ್ರೆಯಿಂದ ಪ್ರಯೋಜನ ಕಾಣುವುದು ಅಪರೂಪ. ಕೊಡುವುದು ನರದ ನೋವಿನ ಮಾತ್ರೆ: ರಾತ್ರಿ 10 ಮಿಲಿಗ್ರಾಂ ನಾರ್ಟ್ರಿಪ್ಟಿಲಿನ್ ಅಥವಾ ಅಮಿಟ್ರಿಪ್ಟಿಲಿನ್‌ನಿಂದ ಶುರು ಮಾಡಿ ನಿಧಾನ ಏರಿಸುವುದು, ಇಲ್ಲವೇ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲೊಕ್ಸೆಟಿನ್. ಅಮಿಟ್ರಿಪ್ಟಿಲಿನ್ ಬಾಯಿ ಮತ್ತು ಕಣ್ಣು ಒಣಗಿಸುತ್ತದೆ, ನಾರ್ಟ್ರಿಪ್ಟಿಲಿನ್ ಅದಕ್ಕಿಂತ ವಾಸಿ. ಷರ್ಮರ್ 5ರ ಒಳಗೆ ಇರುವವರು ಈ ಮಾತನ್ನು ಡಾಕ್ಟರ ಕಿವಿಗೆ ಹಾಕಲೇಬೇಕು. ಫಲ ತಿಳಿಯಲು ಸರಿಯಾದ ಪ್ರಮಾಣಕ್ಕೆ ಬಂದ ಮೇಲೆ 6ರಿಂದ 8 ವಾರ ಬೇಕು. ವಾರಕ್ಕೇ "ಆಗಲಿಲ್ಲ" ಎಂದು ಬಿಡಬೇಡಿ, ಬಿಡುವಾಗಲೂ ಒಮ್ಮೆಲೇ ಬಿಡಬೇಡಿ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ತೂಕಡಿಕೆ ತರುತ್ತವೆ. ಪ್ರಮಾಣ ಏರಿಸುವ ದಿನಗಳಲ್ಲಿ ಘಾಟಿಯಲ್ಲಿ ಗಾಡಿ ಓಡಿಸಬಾರದು.

ಇವು ಡಿಪ್ರೆಷನ್ನಿಗೂ ಫಿಟ್ಸಿಗೂ ಕೊಡುವ ಮಾತ್ರೆಗಳೇ. "ನನ್ನನ್ನು ಮಾನಸಿಕ ಅಂದುಕೊಂಡ್ರು" ಎಂದು ಚೀಟಿ ಹರಿದವರಿದ್ದಾರೆ. ನರದ ನೋವಿಗೆ ಕೊಡುವ ಪ್ರಮಾಣ ಬೇರೆ, ಕೆಲಸ ಬೇರೆ.

ಆದರೆ ತಿಂಗಳುಗಟ್ಟಲೆ ನಿದ್ದೆಗೆಡಿಸುವ ನೋವು ಯಾರನ್ನಾದರೂ ಕುಗ್ಗಿಸುತ್ತದೆ. ಬದುಕೇ ಬೇಡ ಎನ್ನುವ ಯೋಚನೆ ಸುಳಿದರೆ ಆ ರಾತ್ರಿಯೇ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಬಳಿ ಹೋಗುವಾಗ ಒಂದು ಹಾಳೆ ಸಾಕು: ಆಪರೇಷನ್ ವಿಧ ಮತ್ತು ತಾರೀಕು, ಮೊದಲಿದ್ದ ನಂಬರ್, ಪ್ರೊಪಾರಕೇನ್ ಮುಂಚೆ-ಆಮೇಲೆಯ ಅಂಕ, ಈವರೆಗೆ ಹಾಕಿದ ಡ್ರಾಪ್ಸ್ ಮತ್ತು ಎಷ್ಟು ವಾರ. ಶಿವಮೊಗ್ಗದಲ್ಲಿ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಿಂದ ಶುರು ಮಾಡಿದರೂ ಸರಿ, ಮಣಿಪಾಲಕ್ಕೋ ಬೆಂಗಳೂರಿಗೋ ಹೋದರೂ ಸರಿ, ಕೇಳಬೇಕಾದದ್ದು "ಕಾರ್ನಿಯಾ ತಜ್ಞರು".

ಬೆಳಕಿಂಡಿ

ಓದಿ ಮನಸ್ಸು ಹಗುರಾಯಿತು, ಎಲ್ಲರಿಗೂ ನಮಸ್ಕಾರ. ಸೀರಮ್ ಡ್ರಾಪ್ಸ್ ಬಗ್ಗೆ ಯಾರಾದರೂ ಹೇಳಿ. ಜೊತೆಗೆ ಕನ್ನಡಕ ಯಾವುದು?

ಐಸ್‌ಬಾಕ್ಸ್ (ಲ್ಯಾಬ್ ಟೆಕ್ನಿಷಿಯನ್)

ಸೀರಮ್ ಡ್ರಾಪ್ಸ್ ಎಂದರೆ ನಿಮ್ಮದೇ ರಕ್ತದಿಂದ ಮಾಡುವ ಕಣ್ಣೀರು. ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ಹೊಂಬಣ್ಣದ ಸೀರಮ್ ಅನ್ನು ಸ್ಟೆರೈಲ್ ಸಲೈನಿನಲ್ಲಿ ಸಾಮಾನ್ಯವಾಗಿ 20%ಗೆ ತೆಳುಮಾಡಿ ಸಣ್ಣ ಬಾಟಲಿಗೆ ತುಂಬುತ್ತಾರೆ. ನರ ಬೆಳೆಯಲು ಬೇಕಾದ ಅಂಶಗಳು ಅದರಲ್ಲಿವೆ. ಪ್ರೊಪಾರಕೇನ್‌ಗೆ ನೋವು ಇಳಿದವರಿಗೆ ಇದರಿಂದ ಆಗುವ ಉಪಕಾರ ಹೆಚ್ಚು. ಪ್ರಿಸರ್ವೇಟಿವ್ ಇಲ್ಲದ್ದರಿಂದ ಕಾಪಾಡುವುದೇ ದೊಡ್ಡ ಕೆಲಸ. ಮುಚ್ಚಿದ ಬಾಟಲಿ ಫ್ರೀಜರಿನಲ್ಲಿ, ಬಳಸುವ ಬಾಟಲಿ ಫ್ರಿಜ್ಜಿನ ಒಳಗೆ (ಬಾಗಿಲಲ್ಲಿ ಅಲ್ಲ), ಎಷ್ಟು ದಿನ ಎನ್ನುವುದು ಕೊಟ್ಟ ಕೇಂದ್ರದ ಲೇಬಲಿನಲ್ಲಿದ್ದಷ್ಟೇ. ಬಣ್ಣ ಕಲಕಿದರೆ, ಎಳೆ ಕಂಡರೆ ಬಿಸಾಡಿ.

ಬೆಂಗಳೂರಿನಿಂದ ತರುವುದಾದರೆ ಸುಮಾರು 300 ಕಿಲೋಮೀಟರ್. ಥರ್ಮಾಕೋಲ್ ಡಬ್ಬಿ, ಅಡಿಗೂ ಮೇಲಕ್ಕೂ ಜೆಲ್ ಪ್ಯಾಕ್, ನಡುವೆ ಜಿಪ್ ಕವರಿನಲ್ಲಿ ಬಾಟಲಿ, ಡಬ್ಬಿಗೆ ಟೇಪ್. ಊರಲ್ಲಿ ಮಳೆ ಹಿಡಿದು ಎರಡು ದಿನ ಕರೆಂಟ್ ಹೋಗುವುದು ಗೊತ್ತೇ ಇದೆಯಲ್ಲ? ಫ್ರೀಜರಿನ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿ ಹೆಪ್ಪುಗಟ್ಟಿಸಿಟ್ಟರೆ, ಬಾಗಿಲು ತೆಗೆಯದಿದ್ದಲ್ಲಿ ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24. ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಖಾನೆ ಅಷ್ಟು ತಡೆಯದು. ಒಂದು ಲೋಟದಲ್ಲಿ ನೀರು ಗಟ್ಟಿಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟುಬಿಡಿ. ಊರಿಂದ ಬಂದು ನೋಡಿದಾಗ ನಾಣ್ಯ ಮೇಲೇ ಇದ್ದರೆ ಸೀರಮ್ ಕರಗಿರುವ ಸಂಭವ ಕಡಿಮೆ. ನಾಣ್ಯ ಲೋಟದ ತಳದಲ್ಲಿದ್ದರೆ, ಈಗ ಎಲ್ಲ ಮತ್ತೆ ಗಟ್ಟಿಯಾಗಿ ಕಂಡರೂ ನಡುವೆ ಕರಗಿತ್ತು ಎಂದರ್ಥ. ಆ ಬಾಟಲಿಗಳು ಕಣ್ಣಿಗೆ ಬೇಡ.

ಕಣ್ಣಳತೆ

ಕನ್ನಡಕ. ಮನೆಯೊಳಗೆ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿ ಕೂರುವುದು ಮೊದಲ ದಿನ ಸುಖ, ತಿಂಗಳಿಗೆ ಶಿಕ್ಷೆ. ಕಣ್ಣು ಕತ್ತಲೆಗೆ ಒಗ್ಗಿಕೊಂಡು ಸಾದಾ ಬೆಳಕೂ ಚುಚ್ಚತೊಡಗುತ್ತದೆ, ಆಗ ಇನ್ನೂ ಕಪ್ಪು ಗ್ಲಾಸ್ ಬೇಕಾಗುತ್ತದೆ. ಕೋಣೆಯ ಬೆಳಕು 100ರಿಂದ 500 ಲಕ್ಸ್ (ಬೆಳಕಿನ ಅಳತೆ), ಮೋಡದ ದಿನದ ಅಂಗಳ 10,000 ದಾಟಬಹುದು, ನೆತ್ತಿಯ ಬಿಸಿಲು 1,00,000. ಈ ಅಂತರವನ್ನು ಒಂದೇ ಹೆಜ್ಜೆಗೆ ದಾಟಬೇಡಿ. ಜಗಲಿಯಲ್ಲಿ ಎರಡು ನಿಮಿಷ ನಿಂತು ಹೋಗಿ.

ಮನೆಯೊಳಗೆ ಬೇಕಾದರೆ ಎಫ್‌ಎಲ್-41 ಎಂಬ ತಿಳಿ ಗುಲಾಬಿ ಛಾಯೆ. ಮೈಗ್ರೇನಿನವರಿಗೂ ಇದನ್ನೇ ಕೊಡುವುದು. ಇದು ನೋವು ಕೆರಳಿಸುವ 480 ನ್ಯಾನೋಮೀಟರ್ ಆಸುಪಾಸಿನ ನೀಲಿ-ಹಸಿರು ಬೆಳಕನ್ನು ತಡೆಯುತ್ತದೆ. ಗುಲಾಬಿ ಬಣ್ಣ ಇದ್ದ ಮಾತ್ರಕ್ಕೆ ಎಫ್‌ಎಲ್-41 ಆಗುವುದಿಲ್ಲ, ಯಾವ ಅಲೆ ಎಷ್ಟು ಹಾಯುತ್ತದೆ ಎಂಬ ಗ್ರಾಫ್ ತೋರಿಸಲು ಅಂಗಡಿಯವರನ್ನು ಕೇಳಿ. ಹೊರಗೆ 3ನೇ ಕೆಟಗರಿ, ಅಂದರೆ ಶೇ. 8ರಿಂದ 18 ಬೆಳಕು ಬಿಡುವ, ಪಕ್ಕ ಮುಚ್ಚುವ ಗ್ಲಾಸ್. ಮಳೆ ನಿಂತ ಮೇಲಿನ ಒದ್ದೆ ಟಾರು ರಸ್ತೆಗೆ, ಗದ್ದೆಯ ನಿಂತ ನೀರಿಗೆ ಪೋಲರೈಸ್ಡ್ ಬೇಕು. ಗ್ಲಾಸಿಗಿಂತ ಮೊದಲು ಅಂಚಿರುವ ಟೋಪಿ ಹಾಕಿ, ಅಡಿಕೆ ಹಾಳೆಯ ಟೋಪಿಗೆ ಅಂಚಿಲ್ಲ, ಅದು ಬಿಸಿಲಿಗಾದೀತು, ಈ ಕಣ್ಣಿಗಲ್ಲ. ರಾತ್ರಿ ಗಾಡಿ ಓಡಿಸುವಾಗ ಯಾವ ಬಣ್ಣದ ಗ್ಲಾಸೂ ಬೇಡ.

ಆಗುಂಬೆ, ಹುಲಿಕಲ್ ಕಡೆ ಮರಗಳ ಸಂದಿಯಿಂದ ಬಿಸಿಲು ಮಿಣಮಿಣ ಹೊಡೆಯುವ ರಸ್ತೆ ಈ ಕಣ್ಣಿಗೆ ತೀರಾ ಕಷ್ಟ. ಬಸ್ಸಿನಲ್ಲಿ ಬಿಸಿಲು ಬೀಳದ ಬದಿಯ, ಕಿಟಕಿಯಲ್ಲದ ಸೀಟು ಹಿಡಿಯಿರಿ, ಆ ದಾರಿಯಷ್ಟು ಹೊತ್ತು ಕಣ್ಣು ಮುಚ್ಚಿಕೊಳ್ಳಿ.

ರೆಪ್ಪೆಯ ಗ್ರಂಥಿ ಕಟ್ಟಿದವರಿಗೆ ಬಿಸಿ ಶಾಖ: 40ರಿಂದ 45 ಡಿಗ್ರಿ, 8ರಿಂದ 10 ನಿಮಿಷ. ಒದ್ದೆ ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ, ಎರಡು ಬಟ್ಟೆ ಇಟ್ಟುಕೊಂಡು ಬದಲಿಸುತ್ತಿರಿ. ಗುಡ್ಡೆ ಒತ್ತಬೇಡಿ, ಉಜ್ಜಬೇಡಿ. ಆಪರೇಷನ್ ಆಗಿ ಮೂರು ತಿಂಗಳೊಳಗಿದ್ದರೆ ಸರ್ಜನ್‌ರನ್ನು ಕೇಳದೆ ಇದು ಬೇಡ.

ಕೆಂಪು, ಪಿಸುರು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ದೃಷ್ಟಿ ಇದ್ದಕ್ಕಿದ್ದಂತೆ ಮಬ್ಬು, ಪೆಟ್ಟು: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆ. ನೋವು ಹೋಗಲಿ ಎಂದು ಮತ್ತೊಂದು ಲೇಸರಿಗೆ ಒಪ್ಪಬೇಡಿ, ನೋಯುವ ನರವನ್ನು ಇನ್ನೊಮ್ಮೆ ಕೊಯ್ದ ಹಾಗಾಗುತ್ತದೆ.

ಬೆಳಕಿಂಡಿ

ಕೊನೇ ಪ್ರಶ್ನೆ. ಹೆಂಚಿನ ಮನೆ, ನಡುಮನೆ ಕತ್ತಲು, ಮೇಲೆ ಒಂದೇ ಗಾಜಿನ ಹೆಂಚು. ಅದರಿಂದ ಬೀಳುವ ಬಿಸಿಲುಕೋಲು ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಹೆಂಚು ತೆಗೆದು ಮಣ್ಣಿನ ಹೆಂಚು ಹಾಕಿಸಿಬಿಡುವುದಾ?

ಕಣ್ಣಳತೆ

ತೆಗೆಸಬೇಡಿ. ಕತ್ತಲು ಹೆಚ್ಚಿದರೆ ಅಂಗಳ ಇನ್ನೂ ಚುಚ್ಚುತ್ತದೆ. ಅಲ್ಲಿ ಹೊಡೆಯುವುದು ಬೆಳಕಿನ ಪ್ರಮಾಣಕ್ಕಿಂತ, ಕಡುಗತ್ತಲ ನಡುವೆ ಒಂದೇ ಕೋಲು ಎನ್ನುವ ಅಂತರ. ಹಳೇ ಬಿಳಿ ಪಂಚೆಯನ್ನು ಒಂದೇ ಮಡಿಕೆಯಲ್ಲಿ, ಗಾಜಿಗೆ ಅಂಟಿಸದೆ ಒಂದು ಮೊಳ ಕೆಳಗೆ, ರೀಪಿಗೆ ನಾಲ್ಕು ಮೂಲೆ ಕಟ್ಟಿ. ಕೋಲು ಒಡೆದು ಬೆಳಕು ಕೋಣೆಗೆಲ್ಲ ಹಾಲಿನ ಹಾಗೆ ಹರಡುತ್ತದೆ. ಒಲೆಯ ಹತ್ತಿರವಾದರೆ ಬೇಡ, ಬೆಂಕಿಯ ಭಯ. ಹೆಂಚಿನ ಮಸಿ, ಇಲಿ ಹಿಕ್ಕೆ ಅದರ ಮೇಲೆ ಬೀಳುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಒಗೆಯಬೇಕು. ಬಿಚ್ಚುವ ಕೆಲಸ ಬೇರೆಯವರು ಮಾಡಲಿ, ಧೂಳು ನೇರ ಮುಖಕ್ಕೆ ಸುರಿಯುತ್ತದೆ.